ಹಳಿಯಾಳದವನನ್ನು ಯಾವ ದೇಶದವನೆಂದು ಕೇಳುವ ನಾವು

ಧಾರವಾಡದಿಂದ ಬೆಳಗಾವಿ ಕಡೆಗೆ ಪಿ.ಬಿ. ರಸ್ತೆ ಹಿಡಿದು ಹೊರಟರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಉತ್ತರ ಕರ್ನಾಟಕದ ಇತ್ತೀಚಿನ ಆಸೆಗಳು ಬಹಳಷ್ಟು ಈ ರಸ್ತೆಯ ಅಕ್ಕಪಕ್ಕದಲ್ಲೇ ನೆಲೆ ಕಂಡಿವೆ. ಬಸ್ಸುಗಳನ್ನು ಕಟ್ಟಲು ಟಾಟಾ ಮೋಟಾರ್ಸ್ ಬ್ರೆಜಿಲ್‌ನ ಮಾರ್ಕೊಪೋಲೊ ಕಂಪನಿಯ ಜೊತೆ ಸೇರಿ ಕಾರ್ಖಾನೆ ತೆರೆದದ್ದು ಇಲ್ಲಿ. 2016ರಲ್ಲಿ ಐಐಟಿ ಮೊದಲು ಪಾಠ ಶುರು ಮಾಡಿದ್ದು ಇಲ್ಲಿಯ ವಾಲ್ಮಿ ಆವರಣದಲ್ಲಿ. ಹೈಕೋರ್ಟಿನ ಧಾರವಾಡ ಪೀಠವೂ ಇದೇ ಹಾದಿಯಲ್ಲಿದೆ. ಅದು 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಕೆಲಸ, ಕಲಿಕೆ, ನ್ಯಾಯ ಮೂರೂ ಒಂದು ಟಂಟಂ ಓಡುವಷ್ಟು ದೂರದೊಳಗೆ ದಕ್ಕುವ ಜಾಗ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ.

ಇಲ್ಲಿಂದ ಹಳಿಯಾಳ ದೂರವೇನಲ್ಲ, ಕಲಘಟಗಿಯೂ ಅಷ್ಟೆ. ಆ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ, ಹಾಗೆಯೇ ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾದಲ್ಲಿ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಆದರೆ ಇಂದಿನ ಸಿದ್ದಿಗಳು ಹುಟ್ಟಿದ್ದು ಇಲ್ಲಿ, ಅವರ ಅಜ್ಜ, ಮುತ್ತಜ್ಜಂದಿರು ಹುಟ್ಟಿದ್ದೂ ಇಲ್ಲಿ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ ಮತ್ತು ಸಂತೆಯಲ್ಲಿ ಕನ್ನಡ. ಹಾಗಿದ್ದೂ ಒಬ್ಬ ಸಿದ್ದಿ ಯುವಕ ಪಟ್ಟಣಕ್ಕೆ ಬಂದರೆ ಅವನಿಗೆ ಎದುರಾಗುವ ಮೊದಲ ಪ್ರಶ್ನೆ ‘ಯಾವ ದೇಶದಾವಪಾ?’ ಎಂಬುದು. ಹಳಿಯಾಳದವನು ಎಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ‘ಅಲ್ಲ, ಮೂಲ ಎಲ್ಲಿ?’ ಅನ್ನುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ‘ಕನ್ನಡ ಎಷ್ಟ ಚಲೋ ಮಾತಾಡ್ತಿ!’ ಎಂಬ ಮೆಚ್ಚುಗೆ. ಲಾಡ್ಜಿನಲ್ಲಿ, ಪೊಲೀಸರ ತಪಾಸಣೆಯಲ್ಲಿ ಪಾಸ್‌ಪೋರ್ಟ್ ಕೇಳಿಸಿಕೊಂಡ ಅನುಭವವನ್ನು ಸಿದ್ದಿಗಳು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಶಾಲೆಯಲ್ಲಿ ‘ಆಫ್ರಿಕಾ’, ‘ವೆಸ್ಟ್ ಇಂಡೀಸ್’ ಎಂಬ ಅಡ್ಡಹೆಸರು, ಬಸ್ಸಿನಲ್ಲಿ ಗುಂಗುರು ಕೂದಲು ಮುಟ್ಟಿ ನೋಡುವ ಕೈ.

ಇದರಲ್ಲಿ ದ್ವೇಷ ಎಲ್ಲಿದೆ ಎಂದು ಕೇಳುವವರಿದ್ದಾರೆ. ಬಹಳ ಸಲ ದ್ವೇಷ ಇರುವುದಿಲ್ಲ, ನಿಜ. ಕೇಳುವವನಿಗೆ ಅದು ಒಂದು ಕ್ಷಣದ ಕುತೂಹಲ. ಉತ್ತರ ಕೊಡುವವನಿಗೆ ಮಾತ್ರ ಅದು ಬಾಲ್ಯದಿಂದ ಮುಪ್ಪಿನವರೆಗೆ ಮುಗಿಯದ ವಿಚಾರಣೆ. ತನ್ನ ತಾಲ್ಲೂಕಿನಲ್ಲಿ ತಾನು ಇರುವುದಕ್ಕೆ ದಿನವೂ ಪುರಾವೆ ಕೊಡಬೇಕಾದವನು ಬೇರೆ ಯಾವುದಕ್ಕೂ ಧೈರ್ಯವಾಗಿ ಕೈಚಾಚಲಾರ. ಮನೆ ಬಾಡಿಗೆಗೆ ಕೇಳುವುದು, ಸಂದರ್ಶನಕ್ಕೆ ಹೋಗುವುದು, ಬ್ಯಾಂಕಿನಲ್ಲಿ ಸಾಲದ ಅರ್ಜಿ ಕೊಡುವುದು ಎಲ್ಲವೂ ಒಂದು ಮೆಟ್ಟಿಲು ಕೆಳಗಿನಿಂದ ಶುರುವಾಗುತ್ತವೆ.

‘ನಮ್ಮಲ್ಲಿ ಜಾತಿ ಇದೆ, ಒಪ್ಪುತ್ತೇವೆ, ವರ್ಣಭೇದ ಮಾತ್ರ ಪರದೇಶದ ರೋಗ’ ಎಂಬ ವಾದ ವಿದ್ಯಾವಂತರಲ್ಲೂ ಗಟ್ಟಿಯಾಗಿದೆ. ಈ ವಾದವನ್ನು ಪರೀಕ್ಷಿಸಲು ಸಿದ್ದಿಗಳ ಬದುಕಿನಲ್ಲೇ ಒಂದು ದಾರಿಯಿದೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಯಲ್ಲಾಪುರದ ಕಡೆ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಕ್ರೈಸ್ತರು ಮತ್ತು ಮುಸ್ಲಿಮರು ಹೆಚ್ಚು. ದೇವರು ಬೇರೆ, ಮದುವೆಯ ಶಾಸ್ತ್ರ ಬೇರೆ, ಅಕ್ಕಪಕ್ಕದಲ್ಲಿ ಬದುಕುವ ಜಾತಿಗಳೂ ಬೇರೆ. ಅವರ ಕಷ್ಟಕ್ಕೆ ಜಾತಿಯೊಂದೇ ಅಥವಾ ಧರ್ಮವೊಂದೇ ಕಾರಣವಾಗಿದ್ದರೆ ಈ ಮೂರು ಗುಂಪುಗಳ ಪಾಡು ಮೂರು ಬಗೆಯಾಗಬೇಕಿತ್ತು. ಹಾಗಾಗಿಲ್ಲ. ಮೂವರೂ ಹೆಚ್ಚಾಗಿ ಕೂಲಿಗಳು. ಮೂವರ ಮಕ್ಕಳಿಗೂ ಶಾಲೆಯಲ್ಲಿ ಬಿದ್ದ ಅಡ್ಡಹೆಸರು ಒಂದೇ. ಮೂವರಿಗೂ ಸಮನಾಗಿರುವುದು ಮುಖ, ಮೈಬಣ್ಣ, ಕೂದಲು. ಜಾತಿಯ ಅಭ್ಯಾಸ ಇಲ್ಲಿ ಬಣ್ಣದ ಮೇಲೆ ಕೂತು ಕೆಲಸ ಮಾಡುತ್ತಿದೆ. ಎರಡನ್ನೂ ಬಿಡಿಸಿ ನೋಡಿ ಒಂದನ್ನು ಒಪ್ಪಿ, ಇನ್ನೊಂದನ್ನು ಪರದೇಶಕ್ಕೆ ಕಳಿಸಿಬಿಡುವುದು ನಮಗೆ ಅನುಕೂಲ, ಅವರಿಗೆ ಅನ್ಯಾಯ.

ಇವರು ಯಾರೋ ಹೊರಗಿನವರು ಎಂಬ ಭಾವನೆಗೆ ಇತಿಹಾಸದ ಆಧಾರವಿಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನು ಗೋವಾಕ್ಕೆ ತಂದು ಮಾರಿದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟದ ಕಾಡು ಸೇರಿದರು. ಅದಕ್ಕೂ ಮುಂಚಿನಿಂದಲೇ ದಖನ್ನಿನ ಸುಲ್ತಾನರ ಸೈನ್ಯಗಳಲ್ಲಿ ಆಫ್ರಿಕಾ ಮೂಲದವರು ದೊಡ್ಡ ಹುದ್ದೆಗಳಿಗೆ ಏರುತ್ತಿದ್ದರು. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನು ಮೊಘಲರಿಗೆ ದಕ್ಕದಂತೆ ದಶಕಗಳ ಕಾಲ ಕಾದ. 1660ರಲ್ಲಿ ಪನ್ಹಾಳಕ್ಕೆ ಮುತ್ತಿಗೆ ಹಾಕಿದ ಆದಿಲ್‌ಶಾಹಿ ಸರದಾರ ಸಿದ್ದಿ ಜೌಹರನ ಹೆಸರು ಶಿವಾಜಿಯ ಕಥೆ ಓದಿದ ಎಲ್ಲರಿಗೂ ಗೊತ್ತು. ನಮ್ಮದೇ ವಿಜಯಪುರದಲ್ಲಿ ಇಖ್ಲಾಸ್ ಖಾನ್ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದ ಅತಿ ಪ್ರಭಾವಿ ವ್ಯಕ್ತಿಯಾಗಿದ್ದ. 1645ರ ಸುಮಾರಿನ ಒಂದು ಚಿತ್ರದಲ್ಲಿ ಸುಲ್ತಾನ ಮತ್ತು ಇಖ್ಲಾಸ್ ಖಾನ್ ಒಂದೇ ಆನೆಯ ಮೇಲಿದ್ದಾರೆ. ಗೋಳಗುಮ್ಮಟದ ಪಾಠ ಓದಿದ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ವಿಜಯಪುರದ ಆಸ್ಥಾನದ ಸಿದ್ದಿ ಸರದಾರರಿಗೂ ಹಳಿಯಾಳದ ಕೂಲಿ ಕುಟುಂಬಕ್ಕೂ ನೇರ ರಕ್ತಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಈ ಮುಖ ಈ ನೆಲಕ್ಕೆ ಹೊಸತಲ್ಲ ಎಂಬುದಷ್ಟೇ ನನ್ನ ಮಾತು. 2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ಸಿದ್ದಿಗಳಲ್ಲಿ ಆಫ್ರಿಕಾದ ಬಂಟು ಭಾಷಿಕ ಜನರ ವಂಶವಾಹಿಯೂ ಭಾರತೀಯ ವಂಶವಾಹಿಯೂ ಕೂಡಿರುವುದನ್ನು ತೋರಿಸಿತು. ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಇಡೀ ಪುಸ್ತಕವನ್ನೇ 1976ರಲ್ಲಿ ಪ್ರಕಟಿಸಿದ್ದರು. ಮಾಹಿತಿಯ ಕೊರತೆ ನಮ್ಮ ಅಜ್ಞಾನಕ್ಕೆ ನೆಪವಾಗಲಾರದು.

ಹೀನಾಯವಾಗಿ ಕಾಣುವ ಪೂರ್ವಗ್ರಹವನ್ನು ಗುರುತಿಸುವುದು ಸುಲಭ. ಹೊಗಳುವ ಪೂರ್ವಗ್ರಹವನ್ನು ಗುರುತಿಸುವುದು ಕಷ್ಟ, ಸಿದ್ದಿಗಳಿಗೆ ಹೆಚ್ಚು ಕಾಲ ಪೆಟ್ಟು ಕೊಟ್ಟಿರುವುದು ಅದೇ ಎಂದು ನನಗೆ ಅನಿಸುತ್ತದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ವಲಯ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಹುಡುಕಿ ಹುಡುಕಿ ಆರಿಸಿತು. ಆಗ ಕ್ರೀಡಾ ಖಾತೆಯಲ್ಲಿದ್ದವರು ಮಾರ್ಗರೆಟ್ ಆಳ್ವ. ಯೋಜನೆಯ ಹಿಂದಿನ ನಂಬಿಕೆ ಸರಳ: ಆಫ್ರಿಕಾ ಮೂಲದವರು ಒಲಿಂಪಿಕ್ಸ್‌ನಲ್ಲಿ ಓಡಿ ಗೆಲ್ಲುತ್ತಾರೆ, ನಮ್ಮಲ್ಲೂ ಆ ರಕ್ತದವರಿದ್ದಾರೆ, ಅವರನ್ನು ಓಡಿಸಿದರೆ ಪದಕ ಬರುತ್ತದೆ. ಮಕ್ಕಳು ಊರು ಬಿಟ್ಟು ಹಾಸ್ಟೆಲ್ ಸೇರಿದರು. ಒಳ್ಳೆಯ ಊಟ, ಬೂಟು ಸಿಕ್ಕವು, ಕೋಚ್ ಸಿಕ್ಕರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತುಹೋಯಿತು. ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದ ಕೆಲವರು ದಡ ಸೇರಿದರು. ಉಳಿದವರು ತೋಟಕ್ಕೆ, ಕೂಲಿಗೆ ಮರಳಿದರು. ಒಂದು ದೇಶ ಈ ಮಕ್ಕಳ ಕಾಲುಗಳನ್ನು ಆರು ವರ್ಷ ನಂಬಿತು, ಓದನ್ನು ಎಂದೂ ಅಷ್ಟು ನಂಬಲಿಲ್ಲ.

ಆ ನಂಬಿಕೆಯ ತರ್ಕವೂ ದುರ್ಬಲವಾದದ್ದು. ದೂರದ ಓಟದಲ್ಲಿ ಹೆಸರು ಮಾಡಿರುವ ಕೀನ್ಯಾ, ಇಥಿಯೋಪಿಯಾದ ಓಟಗಾರರು ಎತ್ತರದ ಪ್ರದೇಶಗಳವರು, ಅವರ ಹಿಂದೆ ದಶಕಗಳ ಅಭ್ಯಾಸದ ಪರಂಪರೆ ಇದೆ. ಜಮೈಕಾದ ವೇಗದ ಓಟಗಾರರ ಹಿಂದೆ ಅಲ್ಲಿಯ ಶಾಲಾ ಕ್ರೀಡಾಕೂಟಗಳ ದೊಡ್ಡ ವ್ಯವಸ್ಥೆ ಇದೆ. ಇದನ್ನೆಲ್ಲ ಬಿಟ್ಟು ಮೈಬಣ್ಣದಿಂದ ಪದಕ ಲೆಕ್ಕ ಹಾಕಿದಾಗ, ಓಡಲಾರದ ಸಿದ್ದಿ ಮಗು ಎರಡು ಸಲ ಸೋಲುತ್ತದೆ. ಎಲ್ಲರಂತೆ ಪಂದ್ಯದಲ್ಲಿ ಒಮ್ಮೆ, ತನ್ನ ‘ರಕ್ತ’ದ ಹೆಸರಿನಲ್ಲಿ ಇನ್ನೊಮ್ಮೆ. ಗಣಿತ ಇಷ್ಟಪಡುವ ಸಿದ್ದಿ ಹುಡುಗಿಗೆ ‘ನೀನ್ಯಾಕ ಓಡಂಗಿಲ್ಲ?’ ಎಂದು ಕೇಳುವ ಮೇಷ್ಟ್ರು ಅವಳ ಮೇಲೆ ಪ್ರೀತಿಯಿಂದಲೇ ಹಾಗೆ ಕೇಳುತ್ತಿರಬಹುದು. ಅವಳ ಮುಂದಿನ ಬಾಗಿಲು ಮುಚ್ಚುವುದು ಆ ಪ್ರೀತಿಯಿಂದಲೇ. ಇಂದು ಸಿದ್ದಿ ಕ್ರೀಡಾಪಟುಗಳ ತರಬೇತಿ ಮತ್ತೆ ಚಿಗುರಿದೆ, ಚಿಗುರಲಿ. ಓಡಬಯಸುವವರಿಗೆ ಟ್ರ್ಯಾಕ್ ಬೇಕು. ಆದರೆ ಅದರ ಪಕ್ಕದಲ್ಲಿ ಗ್ರಂಥಾಲಯವೂ ಪ್ರಯೋಗಶಾಲೆಯೂ ಇರಬೇಕು, ಮೂವತ್ತು ದಾಟಿದ ಓಟಗಾರನಿಗೆ ಮುಂದೇನು ಎಂಬ ಉತ್ತರವೂ ಇರಬೇಕು.

ಕಲೆಯ ವಿಷಯದಲ್ಲೂ ಇದೇ ಎಳೆ ಕಾಣುತ್ತದೆ, ಆದರೆ ಅಲ್ಲಿ ಸಿದ್ದಿಗಳು ಹೆಚ್ಚು ದಕ್ಕಿಸಿಕೊಂಡಿದ್ದಾರೆ. ಡಮಾಮಿಯ ಹಾಡು, ಕುಣಿತ, ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ ಈಗ ಹೊರಗಿನವರ ಕಣ್ಣಿಗೂ ಬಿದ್ದಿವೆ. ನೀನಾಸಂ ಬಹಳ ಹಿಂದೆಯೇ ಮಂಚಿಕೇರಿಯಲ್ಲಿ ಸಿದ್ದಿಗಳ ಜೊತೆ ನಾಟಕ ಕಟ್ಟಿತ್ತು. ಆ ರಂಗಶಾಲೆಯಲ್ಲಿ ಪಳಗಿದ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿಯಂಥವರು ನಟನೆ, ಸಂಗೀತದಲ್ಲಿ ಹೆಸರಾದರು. 2021ರ ‘ಸಲಗ’ ಸಿನಿಮಾಕ್ಕಾಗಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಚನ್ನಕೇಶವ ಹಾಡಿದ ‘ಟಿಣಿಂಗ ಮಿಣಿಂಗ ಟಿಶ್ಯಾ’ ರಾಜ್ಯದ ಮದುವೆ ಮೆರವಣಿಗೆಗಳನ್ನೆಲ್ಲ ಕುಣಿಸಿತು. ಈ ಹಾಡಿಗೆ ಕುಣಿದ ಊರಿನಲ್ಲೇ ಸಿದ್ದಿ ಕುಟುಂಬಕ್ಕೆ ಬಾಡಿಗೆ ಮನೆ ಸಿಗದಿದ್ದರೆ ಆ ಕುಣಿತದಿಂದ ಅವರಿಗೇನು ಬಂತು? ವೇದಿಕೆಯ ಮೇಲೆ ಮತ್ತು ಓಟದ ಮೈದಾನದಲ್ಲಿ ಸಿದ್ದಿಯನ್ನು ಕಾಣಲು ನಾವು ತಯಾರಿದ್ದೇವೆ. ಅಡಿಕೆ ತೋಟದಲ್ಲಿ ಕೂಲಿಯಾಗಿ ಕಾಣುವುದು ಮೊದಲಿನಿಂದ ಅಭ್ಯಾಸವಾಗಿದೆ. ಬ್ಯಾಂಕಿನ ಕೌಂಟರಿನ ಹಿಂದೆ, ಪಿಯು ಕಾಲೇಜಿನ ಸ್ಟಾಫ್‌ರೂಮಿನಲ್ಲಿ, ಕಾರ್ಖಾನೆಯ ಸೂಪರ್‌ವೈಸರ್ ಕುರ್ಚಿಯಲ್ಲಿ ಕಂಡರೆ ಮಾತ್ರ ನಮ್ಮ ಕಣ್ಣು ಅರಳುತ್ತದೆ. ಸಿದ್ದಿಗಳಿಗೆ ಇನ್ನೂ ದಕ್ಕದಿರುವುದು ಯಾರ ಗಮನಕ್ಕೂ ಬೀಳದೆ ಸಾಮಾನ್ಯ ಮನುಷ್ಯರಾಗಿ ಬದುಕುವ ಹಕ್ಕು. ಪ್ರತಿಭಾವಂತರಿಗೆ ಸನ್ಮಾನ ಮಾಡುವುದು ಸುಲಭ. ಪ್ರತಿಭೆ ಇಲ್ಲದ ಸಿದ್ದಿಗೂ ಎಲ್ಲರಂತೆ ಒಂದು ನೌಕರಿ, ಒಂದು ಮನೆ, ಒಂದು ಸಾಲ ಸಿಗುವಂತಾಗಬೇಕು.

ಅವಮಾನ ಮನಸ್ಸಿಗೆ ಮಾತ್ರ ಆಗುವುದಿಲ್ಲ, ಕಾಗದದಲ್ಲೂ ಆಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಪಟ್ಟಿಯಲ್ಲಿ ಜಿಲ್ಲೆಯ ಹೆಸರಿತ್ತು, ಹಾಗಾಗಿ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಹೊರಗುಳಿದರು. ಅವರನ್ನು ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟು ಮುಗಿದದ್ದು 2020ರಲ್ಲಿ. ನಡುವಿನ ಹದಿನೇಳು ವರ್ಷ ಹಳಿಯಾಳದ ಸಿದ್ದಿ ಬುಡಕಟ್ಟಿನವನು, ಕಲಘಟಗಿಯಲ್ಲಿದ್ದ ಅವನ ನೆಂಟ ಅಲ್ಲ. ಒಂದೇ ಕಾಡು, ಒಂದೇ ಬಳಗ, ನಡುವೆ ಜಿಲ್ಲೆಯ ಗಡಿಕಲ್ಲು.

ಈ ಗಡಿಕಲ್ಲಿನ ಬೆಲೆ ಏನೆಂದು ಅರಣ್ಯ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2006ರ ಆ ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಅರಣ್ಯದಲ್ಲಿ ವಾಸವಿದ್ದು ಅದನ್ನು ಅವಲಂಬಿಸಿದ್ದರೆ ಸಾಕು. ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕು. ಧಾರವಾಡ ಜಿಲ್ಲೆಯ ಸಿದ್ದಿಯೊಬ್ಬ ತಾನು ಉಳುವ ತುಂಡು ನೆಲಕ್ಕೆ ಅರ್ಜಿ ಹಾಕಬೇಕಾದರೆ 1930ರಿಂದ ಈಚೆಗಿನ ಪುರಾವೆ ಒದಗಿಸಬೇಕಿತ್ತು. ಒಡೆಯರ ತೋಟದಲ್ಲಿ ಆಳಾಗಿ, ಕಾಡಿನ ಅಂಚಿನಲ್ಲಿ ಹೆಸರಿಲ್ಲದೆ ಬದುಕಿದ ಕುಟುಂಬದ ಬಳಿ 1930ರ ಕಾಗದ ಎಲ್ಲಿಂದ ಬರಬೇಕು? 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೇ ಪಟ್ಟಿಯನ್ನು ಅವಲಂಬಿಸಿದೆ. ಒಂದೇ ಬೈಗುಳ ಮುಂಡಗೋಡದ ಸಿದ್ದಿಗೆ ಬಿದ್ದರೆ ಆ ಕಾಯ್ದೆಯ ನೆರವು ಕೇಳಬಹುದಿತ್ತು, ಗಡಿಯಾಚೆ ಕಲಘಟಗಿಯ ಸಿದ್ದಿಗೆ ಬಿದ್ದರೆ ಕೇಳುವಂತಿರಲಿಲ್ಲ. ಗುಜರಾತಿನ ಸಿದ್ದಿಗಳನ್ನು ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಲಾಗಿದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನು ಕುರುಬರು ಮತ್ತು ಕೊರಗರು ಮಾತ್ರ.

ಪಟ್ಟಿ ಸೇರಿದ ಮೇಲೂ ಒಂದು ತೊಡಕು ಉಳಿದಿದೆ. ಅದನ್ನು ಹೇಳಲು ರಾಜಕಾರಣಿಗಳು ಹಿಂಜರಿಯುತ್ತಾರೆ, ಬರೆಯುವವರು ಹಿಂಜರಿಯಬಾರದು. ಧಾರವಾಡ, ಬೆಳಗಾವಿಯ ಸಿದ್ದಿಗಳನ್ನು ಸೇರಿಸಿದ ಅದೇ 2020ರ ತಿದ್ದುಪಡಿ ಪರಿವಾರ, ತಳವಾರರನ್ನು ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಸೇರಿಸಿತು. ಅವರ ಬೇಡಿಕೆ ನ್ಯಾಯವಾದದ್ದೇ ಇರಬಹುದು. ಆದರೆ ಮೊದಲೇ ದೊಡ್ಡದಾದ ಸಮುದಾಯ ಇನ್ನಷ್ಟು ದೊಡ್ಡದಾದ ಕ್ಷಣದಲ್ಲೇ ಅತಿ ಚಿಕ್ಕ ಸಮುದಾಯವೊಂದು ಒಳಗೆ ಬಂತು. 2022ರಲ್ಲಿ ರಾಜ್ಯ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಏರಿದ ಪಾಲಿನಲ್ಲಿ ಮೊದಲ ತಲೆಮಾರಿನ ಓದುಗನಾದ ಸಿದ್ದಿಗೆ ಎಷ್ಟು ತಲುಪುತ್ತದೆ? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣಕ್ಕೆ ದಾರಿ ತೆರೆದ ಮೇಲೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು, ಆಗಬೇಕಾದದ್ದೇ. ಪಂಗಡಗಳೊಳಗಿನ ಚಿಕ್ಕವರ ಬಗ್ಗೆ ಅಂಥ ದನಿ ಕೇಳುತ್ತಿಲ್ಲ. ಸಿದ್ದಿಗಳ ಮತ ಯಾವ ಕ್ಷೇತ್ರದ ಫಲಿತಾಂಶವನ್ನೂ ಬದಲಿಸುವಷ್ಟಿಲ್ಲ ಎಂಬುದೇ ಇದಕ್ಕೆ ಕಾರಣ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದದ್ದು ಸಂತೋಷದ ಸಂಗತಿ. ಅವರು ರಾಜ್ಯದ ಶಾಸಕಾಂಗ ಪ್ರವೇಶಿಸಿದ ಮೊದಲ ಸಿದ್ದಿ, ಬಂದದ್ದು ನಾಮನಿರ್ದೇಶನದಿಂದ.

ಇನ್ನು ಬಣ್ಣದ ಕಾರಣಕ್ಕೆ ಆಗುವ ಅವಮಾನಕ್ಕೇ ಎಂದು ಇರುವ ಕಾನೂನು ಯಾವುದು? ಸಂವಿಧಾನದ 15ನೇ ವಿಧಿ ಜನಾಂಗದ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡಬಾರದು ಎನ್ನುತ್ತದೆ. ಜನಾಂಗೀಯ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1968ರಲ್ಲೇ ಸ್ಥಿರೀಕರಿಸಿದೆ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ಯುವಕನೊಬ್ಬ ಹಲ್ಲೆಗೊಳಗಾಗಿ ಸತ್ತ ಮೇಲೆ ರಚನೆಯಾದ ಬೇಜ್‌ಬರುವಾ ಸಮಿತಿ, ಜನಾಂಗವನ್ನು ಹಿಡಿದು ಹೀಯಾಳಿಸುವ ಮಾತು, ಸನ್ನೆಗಳನ್ನು ಅಪರಾಧವಾಗಿಸುವ ಪ್ರತ್ಯೇಕ ಕಲಮು ಬೇಕೆಂದು ಶಿಫಾರಸು ಮಾಡಿತು. ಆ ಕಲಮು ಬರಲಿಲ್ಲ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದ್ದನ್ನು ನಾವು ನೋಡಿದ್ದೇವೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯ ಕಡೆ ಸುಡಾನ್‌ನ ಒಬ್ಬನ ಕಾರು ಅಪಘಾತ ಮಾಡಿದ್ದಕ್ಕೆ, ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ಗುಂಪಿಗೆ ಎರಡು ದೇಶಗಳು ಬೇರೆ ಎಂದು ತೋಚಲಿಲ್ಲ, ಬಣ್ಣ ಒಂದೇ ಎಂದಷ್ಟೇ ಕಂಡಿತು. ಅಂಥ ದಿನಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಯಲ್ಲಾಪುರದ ಸಿದ್ದಿ ಹುಡುಗನೂ ಹೆದರಿಕೊಂಡೇ ಓಡಾಡಬೇಕಾಗುತ್ತದೆ.

ನಮ್ಮ ಮಕ್ಕಳು ಹೊರದೇಶದಲ್ಲಿದ್ದಾಗ ಈ ಭಯ ಏನೆಂದು ನಮಗೆ ತಟ್ಟನೆ ಅರ್ಥವಾಗುತ್ತದೆ. 2017ರ ಫೆಬ್ರುವರಿಯಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ‘ನನ್ನ ದೇಶ ಬಿಟ್ಟು ಹೋಗು’ ಎಂದು ಕೂಗಿದವನ ಗುಂಡಿಗೆ ಹೈದರಾಬಾದ್ ಮೂಲದ ಎಂಜಿನಿಯರ್ ಸತ್ತಾಗ ಧಾರವಾಡದಲ್ಲೂ ಎಷ್ಟೋ ತಾಯಂದಿರು ಮಕ್ಕಳಿಗೆ ಫೋನ್ ಹಚ್ಚಿದ್ದಾರು. ಆ ಸಂಕಟ ಸಾಚಾ. ಅದರಲ್ಲಿ ಸ್ವಲ್ಪ ಪಾಲು ನಮ್ಮ ತಾಲ್ಲೂಕಿನ ಮಗುವಿಗೂ ಸಲ್ಲಬೇಕು.

ಕೈಗಾರಿಕಾ ಪ್ರದೇಶದ ಗೇಟಿನಲ್ಲಿ ಈ ಎಲ್ಲ ಮಾತಿಗೆ ಪರೀಕ್ಷೆ ಇದೆ. ಸ್ಥಳೀಯರಿಗೆ ಕೆಲಸ ಎಂಬ ಬೇಡಿಕೆಯನ್ನು ನಾನು ಬೆಂಬಲಿಸುತ್ತೇನೆ. ಆ ಬೇಡಿಕೆಗೆ 1980ರ ದಶಕದಲ್ಲಿ ರೂಪ ಕೊಟ್ಟ ಸರೋಜಿನಿ ಮಹಿಷಿ ಇದೇ ಧಾರವಾಡದ ಮಗಳು. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದ ಮಸೂದೆ ಆಡಳಿತದ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು. ಇಂಥ ಕಾನೂನು ನಾಳೆ ಬಂದರೆ, ತಲೆಮಾರುಗಳಿಂದ ಇಲ್ಲಿರುವ, ಕನ್ನಡ ಓದಿ ಬರೆಯುವ ಸಿದ್ದಿ ಕಾಗದದಲ್ಲಿ ನಿಸ್ಸಂದೇಹವಾಗಿ ಸ್ಥಳೀಯ. ಗುತ್ತಿಗೆದಾರನ ಕಣ್ಣಿಗೆ ಅವನು ಸ್ಥಳೀಯನಾಗಿ ಕಾಣುತ್ತಾನೆಯೇ? ಕನ್ನಡಪರ ಸಂಘಟನೆಗಳು ಗೇಟಿನ ಮುಂದೆ ನಿಂತು ಸ್ಥಳೀಯರಿಗೆ ಕೆಲಸ ಕೇಳುವಾಗ ಸಿದ್ದಿಗಳ ಹೆಸರನ್ನೂ ಎತ್ತಿ ಹೇಳಬೇಕು. ಹಾಗೆ ಹೇಳಿದ ದಿನ ಆ ಬೇಡಿಕೆಯ ಬಲ ಹೆಚ್ಚುತ್ತದೆ.

ಹೊಸ ಕಾನೂನಿಗೆ ಕಾಯದೆ ಮಾಡಬಹುದಾದದ್ದೂ ಇದೆ. ಖಾಸಗಿ ಕಾರ್ಖಾನೆಗಳ ನೇಮಕಾತಿಯಲ್ಲಿ ಮೀಸಲಾತಿ ಇಲ್ಲ, ಆದರೆ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ತರಬೇತಿ ಸ್ಥಾನ ಕಾಯ್ದಿರಿಸುವ ವಿಧಿ ಇದೆ. ವೆಲ್ಡಿಂಗ್, ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತ ಹುಡುಗ ಹುಡುಗಿಯರು ಕಾರ್ಖಾನೆಯೊಳಗೆ ಕಾಲಿಡುವ ಮೊದಲ ಹೊಸ್ತಿಲು ಅದು. ಹಳಿಯಾಳ, ಕಲಘಟಗಿ, ಮುಂಡಗೋಡದ ಐಟಿಐಗಳಿಗೂ ಬೇಲೂರಿನ ಕಾರ್ಖಾನೆಗಳಿಗೂ ನಡುವೆ ನೇರ ಏರ್ಪಾಡು ಮಾಡಿಸುವುದು ಒಬ್ಬ ಜಿಲ್ಲಾಧಿಕಾರಿ ಮನಸ್ಸು ಮಾಡಿದರೆ ಆಗುವ ಕೆಲಸ. ಜೊತೆಗೆ ಧಾರವಾಡದಲ್ಲಿ ವಸತಿ ಬೇಕು, ಏಕೆಂದರೆ ತರಬೇತಿ ಸಿಕ್ಕಿದರೂ ಬಾಡಿಗೆ ಕೋಣೆ ಸಿಗದೆ ಊರಿಗೆ ಮರಳಿದರೆ ಎಲ್ಲ ವ್ಯರ್ಥ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಲಾಗಿದೆ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಪರಿಶಿಷ್ಟ ಪಂಗಡದವರೆಂದು ಎಣಿಸುವ ಮೊದಲ ಗಣತಿ ಅದು. 2011ರಲ್ಲಿ ಅವರು ಆ ಲೆಕ್ಕದಲ್ಲಿ ಇರಲಿಲ್ಲ. ಎಷ್ಟು ಮಂದಿ, ಎಷ್ಟು ಓದಿದ್ದಾರೆ, ಯಾವ ಕೆಲಸದಲ್ಲಿದ್ದಾರೆ ಎಂಬ ಅಂಕಿ ಇಲ್ಲದೆ ಮಾಡಿದ ಯೋಜನೆಗಳ ಗತಿ 1993ರಲ್ಲಿ ನಿಂತ ಯೋಜನೆಯದ್ದೇ ಆಗುತ್ತದೆ. ಗಣತಿದಾರರು ಕಲಘಟಗಿಯ ಕಾಡಂಚಿನ ಪ್ರತಿ ಮನೆಗೂ ಹೋಗುವಂತೆ, ಮನೆಯವರು ಹೇಳಿದ ಬುಡಕಟ್ಟಿನ ಹೆಸರನ್ನು ಹಾಗೆಯೇ ಬರೆದುಕೊಳ್ಳುವಂತೆ, ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲ ಸಿದ್ದಿಗಳನ್ನೂ ಒಂದೇ ಪಂಗಡದಡಿ ಎಣಿಸುವಂತೆ ನೋಡಿಕೊಳ್ಳುವ ಕೆಲಸ ಆ ಊರುಗಳ ಶಿಕ್ಷಕರು, ಪಂಚಾಯಿತಿ ಸದಸ್ಯರು ಮತ್ತು ಧಾರವಾಡದ ವಿದ್ಯಾವಂತರ ಮೇಲಿದೆ. ಅದಕ್ಕೆ ಈಗಿನಿಂದಲೇ ತಯಾರಿ ಬೇಕು.